ತತ್ತಿಯ ನಾತ

ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ದಾಕ್ಷಾಯಿಣಿಯ ಸಿಟ್ಟಿಗೆ ಹೆದರದವರಿಲ್ಲ. ಗಂಡ ತೀರಿಕೊಂಡ ಮೇಲೆ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿ, ನನ್ನನ್ನೂ ಸೇರಿಸಿ ಓಣಿಯ ಹೆಂಗಸರನ್ನು ಕೂಡಿಸಿ ಜೋಳದ ರೊಟ್ಟಿಯ ದಂಧೆ ಶುರು ಮಾಡಿದಳು. ಮನೆಮಂದಿಯೆಲ್ಲ ಕೂತು ಶ್ರೀಶೈಲ, ಉಳವಿ ಎಂದು ತಿರುಗಿದ್ದ ಹಳೆಯ ಪೆಟ್ರೋಲ್ ಎಸ್‌ಯುವಿಯ ಹಿಂದಿನ ಸೀಟು ಕಿತ್ತು, ರೊಟ್ಟಿಯ ಗಂಟು ಹೇರಿಕೊಂಡು, ತಾನೇ ಓಡಿಸಿಕೊಂಡು ಹೋಗಿ ಧಾರವಾಡದ ಖಾನಾವಳಿಗಳಿಗೆ ಮುಟ್ಟಿಸುತ್ತಾಳೆ. ಗಟ್ಟಿ ಹೆಂಗಸು, ಇಲ್ಲ ಎನ್ನುವುದಿಲ್ಲ. ಆದರೆ ಈ ಬೇಸಿಗೆಯಲ್ಲಿ ಆಕೆ ಮಾಡಿದ್ದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಶೆಡ್ಡಿನಲ್ಲಿ ಎಲ್ಲರಿಗಿಂತ ಚೆಂದ ರೊಟ್ಟಿ ಬಡಿಯುವವಳು ಹುಸೇನಬಿ. ಧಾರವಾಡದಲ್ಲಿ ದಾಕ್ಷಾಯಿಣಿಯ ಹೆಸರು ನಿಂತದ್ದೇ ಆ ಕೈಯ ಮೇಲೆ.

ಒಂದು ದಿನ ಖಾನಾವಳಿಯ ಶಿವಯೋಗೀಶ ಗಂಟು ಬಿಚ್ಚಿದವನೇ ಮೂಗು ಮುಚ್ಚಿಕೊಂಡ. “ಅಕ್ಕಾರ, ರೊಟ್ಟಿ ತತ್ತಿ ನಾತ ಹೊಡ್ಯಾಕತ್ತಾವರಿ. ನಮ್ದು ಲಿಂಗಾಯತ ಖಾನಾವಳಿ. ಹಿಂಗಾದ್ರ ಉಣ್ಣಾಕ ಬಂದವ್ರು ಎದ್ದು ಹೊಕ್ಕಾರ.”

ದಾರಿಯುದ್ದಕ್ಕೂ ದಾಕ್ಷಾಯಿಣಿಗೂ ಆ ಕೊಳೆತ ಮೊಟ್ಟೆಯ ವಾಸನೆ ಬಡಿದಿತ್ತು. ಈಗ ಖಾತ್ರಿಯಾಯಿತು. ಗಾಡಿ ತಿರುಗಿಸಿ ಬಂದವಳೇ ಶೆಡ್ಡಿನ ಬಾಗಿಲಲ್ಲಿ ನಿಂತು, ಎಲ್ಲರ ಮುಂದೆ ಕೂಗಿದಳು. “ಹುಸೇನಬಿ, ತತ್ತಿ ಮುಟ್ಟಿದ ಕೈಲೇ ಹಿಟ್ಟು ನಾದಿದೇನ? ಏಳು, ಮೊದಲ ಹೊರಗ ನಡಿ!”

“ನಾ ಯಾವತ್ತರ ಹಂಗ ಮಾಡೇನೇನ್ರಿ ಅಕ್ಕಾರ?”

“ಮತ್ತ ಇಲ್ಲಿ ಇನ್ಯಾರ ಮನ್ಯಾಗ ತಿಂತಾರ?”

ಈ ಮಾತಿಗೆ ಏನು ಹೇಳಬೇಕು ನೀವೇ ಹೇಳಿ. ತಿನ್ನುವುದು ತಪ್ಪೇ? ತಿಂದವರಿಗೆ ಕೈ ತೊಳೆಯಲು ಬರುವುದಿಲ್ಲವೇ? ಹುಸೇನಬಿ ಹಿಟ್ಟು ಹತ್ತಿದ ಕೈಯಲ್ಲೇ ಎದ್ದು ಹೋದಳು. ಸುದ್ದಿ ಓಣಿ ದಾಟಿತು. ಮದುವೆ ಮನೆಗಳಿಗೆ ಆಕೆಯನ್ನು ರೊಟ್ಟಿ ಬಡಿಯಲು ಕರೆಯುತ್ತಿದ್ದ ಅಡುಗೆಯವರೂ ಕರೆಯುವುದನ್ನು ಬಿಟ್ಟರು. ಆಕೆಯ ಸಂಸಾರ ನಡೆಯುತ್ತಿದ್ದುದೇ ಆ ದುಡಿಮೆಯಿಂದ.

ಹುಸೇನಬಿ ಹೋದಳು, ನಾತ ಹೋಗಲಿಲ್ಲ. ದಾಕ್ಷಾಯಿಣಿ ಜೋಳ ಬದಲಿಸಿದಳು, ಗಂಟು ಕಟ್ಟುವ ಅರಿವೆ ಬದಲಿಸಿದಳು, ಹಿಟ್ಟಿನ ಗಿರಣಿಯವನ ಜೊತೆ ಜಗಳ ತೆಗೆದಳು. ಹುಸೇನಬಿಯ ಮೇಲೆ ಹೊರಿಸಿದ್ದು ಸುಳ್ಳೇ ಇರಬಹುದು ಎಂದು ಮಾತ್ರ ಆಕೆಗೆ ಹೊಳೆಯಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಗಾಡಿಯೇ ನವಲೂರಿನ ಏರು ಹತ್ತಲಾರದೆ ನಿಂತಿತು. ಗೌಸಮೊದ್ದೀನ ಮಿಸ್ತ್ರಿ ಅದನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಕೆಳಗೆ ತೂರಿ ನೋಡಿದ.

“ಕನ್ವರ್ಟರ್ ಎರಡೂ ಹೋಗ್ಯಾವರಿ. ಎಂಜಿನ್ ಹೊಗಿ ಸ್ವಚ್ಛ ಮಾಡೂ ಡಬ್ಬಿ ಅವು. ಒಳಗ ಕಟ್ಕೊಂಡಾವ, ಅದಕ್ಕ ಗಾಡಿ ಎಳಿವಲ್ದು. ಮ್ಯಾಲ ಪೈಪ್ ಒಡದೇತಿ, ಹಿಂದಿನ ಬಾಗಲಾ ರಬ್ಬರೂ ಹರದೇತಿ. ಇವು ಕೆಟ್ರ ಹೊಗಿ ಕೊಳತ ತತ್ತಿ ನಾತ ಹೊಡಿತೇತಿ, ಅದು ಪೂರಾ ಗಾಡಿ ಒಳಗ ಬರಾಕತ್ತೇತ್ರಿ.”

“ಏನ ನಾತ ಅಂದಿ?”

“ತತ್ತಿ ನಾತರಿ. ನಿಮಗ ಬಡದಿಲ್ಲೇನು?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ದಾಕ್ಷಾಯಿಣಿ ಮಾಡಿದ್ದು ಅದನ್ನೇ. ಮಿಸ್ತ್ರಿ ಹೊಸ ಕನ್ವರ್ಟರ್ ಎರಡೂ ಕೂಡಿಸಿದ ಸಂಜೆ ನನ್ನನ್ನು ಜೊತೆಗೆ ಕರೆದುಕೊಂಡು ಹುಸೇನಬಿಯ ಮನೆಗೆ ಹೋದಳು. ತಪ್ಪಾಯಿತು ಎನ್ನಲು ಆಕೆಗೆ ಬಾಯಿ ಬರಲಿಲ್ಲ.

“ನಾಳಿಂದ ಬಾ. ನಾತ ಗಾಡೀದಿತ್ತು. ಹೊಸಾವು ಹಾಕಿಸೇನಿ.”

ಹುಸೇನಬಿ ಒಳಗೆ ಬನ್ನಿ ಎನ್ನಲಿಲ್ಲ. “ರೊಟ್ಟಿಗೆ ನಾತ ಹಚ್ಚಿದ್ದು ನಿಮ್ಮ ಗಾಡಿ. ನನಗ ಹಚ್ಚಿದವ್ರು ನೀವು. ಯಾರೂ ನನ್ನ ಕೆಲಸಕ್ಕ ಕರಿವಲ್ರು. ಎಲ್ಲಾರ ಮುಂದ ಬೈದ್ರಿ, ಎಲ್ಲಾರ ಮುಂದ ಹೇಳ್ರಿ. ಆಮ್ಯಾಲ ಬರೂದು ನೋಡೂಣು.”

ಮರುದಿನ ಹುಸೇನಬಿ ಬಂದು ಶೆಡ್ಡಿನ ನಡುವೆ ನಿಂತಳು. ದಾಕ್ಷಾಯಿಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೂಗಿದಳು. “ಎಲ್ಲಾರೂ ಕೇಳ್ರವಾ! ಹುಸೇನಬೀದು ಏನೂ ತಪ್ಪಿಲ್ಲ. ನಾತ ನಮ್ಮ ಗಾಡೀದು. ತಪ್ಪು ನಂದು!” ತಪ್ಪೊಪ್ಪಿಕೊಳ್ಳುವಾಗಲೂ ಅದೇ ಬೈಯುವ ದನಿ, ನಮ್ಮದೇ ತಪ್ಪು ಎಂಬಂತೆ.

ಹುಸೇನಬಿ ಕೂತು ಹಿಟ್ಟು ನಾದಿ, ಒಂದು ರೊಟ್ಟಿ ಬಡಿದು ಬೇಯಿಸಿದಳು. ತಾಟಿಗೆ ಹಾಕಿ, ಮಗ್ಗುಲಲ್ಲಿ ಶೇಂಗಾ ಚಟ್ನಿ ಇಟ್ಟು ದಾಕ್ಷಾಯಿಣಿಯ ಮುಂದೆ ಹಿಡಿದಳು.

“ತಿನ್ರಿ.”

ದಾಕ್ಷಾಯಿಣಿ ತಾಟು ನೋಡಿ ಹಿಂದೆ ಸರಿದಳು. ಇಷ್ಟು ವರ್ಷ ಹುಸೇನಬಿ ಬಡಿದ ರೊಟ್ಟಿ ಮಾರಿದ್ದಳು, ಒಂದು ತುತ್ತೂ ತಿಂದಿರಲಿಲ್ಲ. ದಾಕ್ಷಾಯಿಣಿಯ ಊಟದ ರೊಟ್ಟಿ ಒಳಗಿನ ಅಡುಗೆಮನೆಯಲ್ಲಿ ಬೇರೆಯೇ ಆಗುತ್ತಿತ್ತು.

“ಆಮ್ಯಾಲ ತಿಂತೇನಿ, ಇಡು.”

“ಈಗ ತಿನ್ರಿ. ಮಂದಿಗೆ ಮಾರಾಕ ನಡೀತೇತಿ, ನಿಮ್ಮ ಬಾಯಿಗೆ ನಡ್ಯಂಗಿಲ್ಲೇನ್ರಿ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ದಾಕ್ಷಾಯಿಣಿ ಒಮ್ಮೆ ನಮ್ಮೆಲ್ಲರನ್ನೂ ನೋಡಿ, ರೊಟ್ಟಿ ಮುರಿದು ಬಾಯಿಗಿಟ್ಟಳು. ಆ ತುತ್ತು ಗಂಟಲಿನಲ್ಲಿ ಇಳಿಯುವವರೆಗೂ ಹುಸೇನಬಿ ಆಕೆಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಪೂರಾ ತಿನ್ರಿ,” ಎಂದಳು.