ವಿಭೂತಿ ಹಚ್ಚಿಕೊಂಡ ಸೂರ್ಯ

ನಮ್ಮ ಮನೆಯ ರಂಗೋಲಿ ಡಬ್ಬಿಯ ಮುಚ್ಚಳ ತೆಗೆದರೆ ಮೇಣದ ಬಣ್ಣದ ಕಡ್ಡಿಗಳ ವಾಸನೆ ಬರುತ್ತದೆ. ಅದು ಮೊದಲು ನನ್ನ ಬಣ್ಣದ ಡಬ್ಬಿ. ತಗಡು ಗಟ್ಟಿಯಿದೆ ಎಂದು ನಮ್ಮ ಅತ್ತೆ ಒಂದು ದಿನ ಕಡ್ಡಿಗಳನ್ನೆಲ್ಲ ಹೊರಗೆ ಸುರಿದು, ರಂಗೋಲಿ ಪುಡಿ ತುಂಬಿ, ಕೇಳದೆಯೇ ಅದನ್ನು ತಮ್ಮದಾಗಿಸಿಕೊಂಡರು. ಎಷ್ಟು ತೊಳೆದರೂ ವಾಸನೆ ಮಾತ್ರ ಹೋಗಲಿಲ್ಲ. ಇವತ್ತು ಬೆಳಿಗ್ಗೆ ಅವರು ಹೊಸ್ತಿಲಲ್ಲಿ ಕುಳಿತು ಆ ಮುಚ್ಚಳ ತೆಗೆದರು, ವಾಸನೆ ಮೂಗಿಗೆ ಬಡಿಯಿತು, ಕೂಡಲೇ ನನ್ನ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ನಗಬೇಡಿ. ಇದು ನಾನು ಕಾಲೇಜಿಗೆ ಹೋಗಿ ಓದಿ ಸಂಪಾದಿಸಿದ ವಿದ್ಯೆ.

ಮದುವೆಯಾಗಿ ಪುಣೆಗೆ ಬಂದು ಬಹಳ ವರ್ಷಗಳಾದ ಮೇಲೆ, ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಟೀಚರ್ ಆಗಬೇಕೆಂಬ ಹುಚ್ಚು ನನಗೆ ಹತ್ತಿತು. ಪದವಿ ಇತ್ತು, ಅದರ ಮೇಲೆ ಇನ್ನೂ ಓದಬೇಕಿತ್ತು. ಹಡಪಸರದಲ್ಲಿ ಕಿಟಕಿಯ ಗ್ರಿಲ್ ಮಾಡುವ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿರುವ ನನ್ನ ಗಂಡ ಕೂಡಲೇ ಒಪ್ಪಿದರು. "ಓದು. ಮನ್ಯಾಗ ಕುಂತು ನೀನೂ ಅವ್ವಾನೂ ಜಗಳಾಡೂಕಿಂತ ಛಲೋ" ಎಂದರು. ಕೊಂಢವಾದಲ್ಲಿ ನಮ್ಮ ಕಟ್ಟಡದ ಕೆಳಗೆ ಹೋಟೆಲ್ ನಡೆಸುವ ಶೆಟ್ಟರಿಗೆ ಮಾತ್ರ ವಿಷಯ ಅರಗಲಿಲ್ಲ. "ಚಿತ್ರ ಬಿಡಿಸ್ಲಿಕ್ಕೆ ಓದುದು ಸರಿ. ಮಕ್ಕಳಿಗೆ ಅದನ್ನು ಕಲಿಸ್ಲಿಕ್ಕೂ ಬೇರೆ ಡಿಗ್ರಿ ಉಂಟಾ ಮಾರಾಯ್ರೆ?" ಎಂದು ಇಡ್ಲಿ ಕಟ್ಟಿಕೊಡುತ್ತಾ ಕೇಳಿದರು. ಉಂಟು ಎಂದೆ. ಅವರು ಒಂದು ಇಡ್ಲಿ ಹೆಚ್ಚಿಗೆ ಹಾಕಿದರು. ಅಭಿಮಾನಕ್ಕೋ ಅನುಕಂಪಕ್ಕೋ ಈಗಲೂ ಗೊತ್ತಿಲ್ಲ.

ಆ ಓದಿನ ವೈಭವವನ್ನು ನಿಮಗೆ ಹೇಗೆ ಹೇಳಲಿ! ಸುತ್ತಿದ ಡ್ರಾಯಿಂಗ್ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ ಯಾರಾದರೊಬ್ಬರ ಕಿವಿಗೆ ಚುಚ್ಚುವುದು ಖಚಿತ. "ಅಹೋ ಬಾಯಿ, ಜರಾ ಬಘಾ!", ಅಂದರೆ ಅಮ್ಮಾ ಸ್ವಲ್ಪ ನೋಡಿ, ಎಂದು ಬೈಸಿಕೊಳ್ಳುತ್ತಲೇ ನನ್ನ ಮರಾಠಿ ಸುಧಾರಿಸಿತು. ಒಮ್ಮೆ ನಿಸರ್ಗಚಿತ್ರ ಬರೆಯಿಸಲೆಂದು ನಮ್ಮನ್ನೆಲ್ಲ ಲೋಣಾವಳಾಕ್ಕೆ ಕರೆದುಕೊಂಡು ಹೋದರು. ನಿಸರ್ಗ ನಮ್ಮ ಮೇಲೆಯೇ ಸುರಿಯಿತು. ನನ್ನ ಬೆಟ್ಟ ಕರಗಿ ಮಡಿಲಿಗೆ ಇಳಿಯಿತು, ಚೂಡಿದಾರ ಹಸಿರಾಯಿತು. ಕೊನೆಗೆ ಎಲ್ಲರೂ ಒಂದು ಚಿಕ್ಕಿ ಅಂಗಡಿಯೊಳಗೆ ನುಗ್ಗಿ, ಚಿಕ್ಕಿಯನ್ನೇ ಎದುರಿಗಿಟ್ಟುಕೊಂಡು ಚಿತ್ರ ಬರೆಯಲು ಕುಳಿತೆವು. ಚಿತ್ರ ಮುಗಿಯುವ ಮೊದಲೇ ಎದುರಿಗಿದ್ದದ್ದು ಮುಗಿದಿತ್ತು.

ನಿಜವಾದ ಕಷ್ಟ ಇದ್ದದ್ದು ಅಲ್ಲಲ್ಲ, ತರಗತಿಯಲ್ಲಿ. ನಮ್ಮ ಮೇಡಂ ಒಂದು ನಿಯಮ ಇಟ್ಟಿದ್ದರು. ಅಭ್ಯಾಸದ ಪಾಠಕ್ಕೆಂದು ಶಾಲೆಗೆ ಹೋದಾಗ ಮಕ್ಕಳ ಹಾಳೆಯ ಮೇಲೆ ನಮ್ಮ ಕೈ ಬೀಳಕೂಡದು. ಒಂದು ಗೆರೆಯನ್ನೂ ತಿದ್ದಕೂಡದು. ಆನೆಗೆ ಐದು ಕಾಲಿದ್ದರೆ ಅದು ಆ ಮಗುವಿನ ಆನೆ, ನಿಮಗೇನು ತೊಂದರೆ ಎನ್ನುತ್ತಿದ್ದರು. ಬೆಂಚುಗಳ ನಡುವೆ ನಡೆಯುವಾಗ ಕೈ ಬೆನ್ನ ಹಿಂದೆ ಇರಬೇಕು. ಸ್ವಲ್ಪ ಮುಂದೆ ಬಂದರೂ ಹಿಂದಿನಿಂದ ಅವರ ಧ್ವನಿ ಬರುತ್ತಿತ್ತು: "ಹಾತ್ ಮಾಗೇ!" ಮರಾಠಿ ಬಾರದವರಿಗೂ ಆ ಧ್ವನಿಗೆ ಕೈ ಹಿಂದೆ ಹೋಗಬೇಕು, ಹಾಗಿತ್ತು. ಮೊದಮೊದಲು ನನ್ನ ಬೆರಳುಗಳು ಕಡಿಯುತ್ತಿದ್ದವು. ಬರಬರುತ್ತಾ ರೂಢಿಯಾಗಿ ತರಕಾರಿ ಮಾರುಕಟ್ಟೆಯಲ್ಲೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲತೊಡಗಿದೆ. ಬದನೆಕಾಯಿ ಮಾರುವವಳು ನನ್ನನ್ನು ಕಾರ್ಪೊರೇಷನ್ನಿನವಳೆಂದು ತಿಳಿದು ಬುಟ್ಟಿ ಹಿಂದಕ್ಕೆ ಎಳೆದುಕೊಂಡಳು.

ಇನ್ನು ಮನೆಯಲ್ಲಿ? ತಿದ್ದುವುದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ. ಯಾದಗಿರಿ ಕಡೆಯಿಂದ ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದವರು. ಸೊಟ್ಟ ಕಂಡದ್ದನ್ನು ನೆಟ್ಟಗೆ ಮಾಡದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ನಾನು ಲಟ್ಟಿಸಿದ ಚಪಾತಿಯ ಮೇಲೆ ಮತ್ತೊಮ್ಮೆ ಲಟ್ಟಣಿಗೆ ಆಡಿಸುವರು. ಬೆಳಗಿನ ನನ್ನ ರಂಗೋಲಿಗೆ "ಇದು ಬಳ್ಳಿ ಅಲ್ಲವಾ, ಹಾವು ಆಗ್ಯದ" ಎಂದು ಎಲೆ ಸೇರಿಸುವರು. ಆಟೋದಲ್ಲಿ ದೇವರ ಫೋಟೋ ವಾಲಿದ್ದರೆ ಸಿಗ್ನಲ್ ಬೀಳುವುದನ್ನೇ ಕಾದು, ಚಾಲಕನ ಹೆಗಲ ಮೇಲಿಂದ ಕೈ ಚಾಚಿ ಸರಿಮಾಡುವರು. ನನ್ನ ಓದಿನ ಬಗ್ಗೆ ಅವರದು ಒಂದೇ ತಕರಾರು: "ತಿದ್ದಬಾರದಂದ್ರ ನಿಮ್ಮ ಮೇಡಂಗ ಪಗಾರ ಯಾಕ ಕೊಡ್ತಾರ?"

ಕೊನೆಯ ಪರೀಕ್ಷೆ ಬಂತು. ಪಾಠ ಮಾಡಿ, ಮಕ್ಕಳು ಬರೆದ ಚಿತ್ರಗಳನ್ನು ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ತೂಗುಹಾಕಬೇಕು. ಪಾಸಾದರೆ ಹಡಪಸರದ ಒಂದು ಶಾಲೆಯಲ್ಲಿ ಕೆಲಸ ಕಾಯುತ್ತಿತ್ತು. ಪಾಸಾಗದಿದ್ದರೆ ಅವರು ಬೇರೆಯವರನ್ನು ತೆಗೆದುಕೊಳ್ಳುವವರಿದ್ದರು. ನಾನು ಕೊಂಢವಾದ ಒಂದು ಶಾಲೆಯಲ್ಲಿ ಐದನೇ ತರಗತಿಗೆ 'ನಮ್ಮ ಓಣಿಯ ಮಳೆ' ಎಂಬ ವಿಷಯ ಕೊಟ್ಟೆ. ಎಂಥ ಚಿತ್ರಗಳು ಬಂದವು ಅಂತೀರಿ! ಒಬ್ಬ ಬರೀ ಛತ್ರಿ ಬರೆದಿದ್ದ, ಅದರ ಕೆಳಗೆ ಯಾರೂ ಇಲ್ಲ. ಒಬ್ಬಳು ಹಾಳೆಯ ತುಂಬ ನೀಲಿ ಉಜ್ಜಿ, ಮೂಲೆಯಲ್ಲಿ ತೇಲಿಹೋಗುವ ಒಂದೇ ಒಂದು ಚಪ್ಪಲಿ ಬರೆದಿದ್ದಳು. ಅದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನೇ ನಡುವೆ ತೂಗುಹಾಕಬೇಕೆಂದುಕೊಂಡೆ.

ದಪ್ಪ ಹಾಳೆಗೆ ಅಂಟಿಸಬೇಕಲ್ಲ, ಎಲ್ಲವನ್ನೂ ಮನೆಗೆ ತಂದು ಮಂಚದ ಮೇಲೆ ಹರಡಿ ಮರುದಿನ ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ಅತ್ತೆ ಎಲ್ಲವನ್ನೂ ಅಂಟಿಸಿ, ಸುತ್ತಿ, ದಾರ ಕಟ್ಟಿ ಇಟ್ಟಿದ್ದರು.

"ಬಿಚ್ಚಬ್ಯಾಡ, ಮಡಿಕಿ ಬೀಳ್ತದ. ಹಂಗೇ ಒಯ್ಯಿ" ಎಂದರು.

ನನ್ನ ಓದಿಗೆ ಅವರು ಕೈಜೋಡಿಸಿದ್ದು ಅದೇ ಮೊದಲು. ಬಿಚ್ಚಲಿಲ್ಲ.

ಬಿಚ್ಚಿದ್ದು ಪರೀಕ್ಷೆಯ ಹಾಲ್‌ನಲ್ಲಿ. ಧೋ ಎಂದು ಮಳೆ ಸುರಿಯುವ ಪ್ರತಿ ಚಿತ್ರದ ಬಲ ಮೂಲೆಯಲ್ಲೂ ಒಬ್ಬ ಸೂರ್ಯ. ಗುಂಡು ಮುಖ, ದಪ್ಪ ಮೀಸೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಛತ್ರಿಯ ಕೆಳಗೆ ಒಬ್ಬ ಮನುಷ್ಯ ಬಂದು ನಿಂತಿದ್ದ. ನನ್ನ ಒಂಟಿ ಚಪ್ಪಲಿಯ ಪಕ್ಕದಲ್ಲಿ ಅದರ ಜೋಡಿ ಚಪ್ಪಲಿ! ಮೇಡಂ ಚಿತ್ರಗಳನ್ನೂ ನನ್ನನ್ನೂ ನೋಡಿದರು. ಪರೀಕ್ಷಕರು ಕನ್ನಡಕ ಮೇಲೇರಿಸಿಕೊಂಡು ಒಂದೊಂದನ್ನೇ ನೋಡುತ್ತಾ ಬಂದು ಮರಾಠಿಯಲ್ಲಿ ಕೇಳಿದರು: "ಮಳೆಯಲ್ಲಿ ಬಿಸಿಲು ಬರುವುದುಂಟು, ಒಪ್ಪಿದೆ. ಆದರೆ ಈ ಶಾಲೆಯ ಮಕ್ಕಳಿಗೆಲ್ಲ ಒಬ್ಬನೇ ಸೂರ್ಯನ ಪರಿಚಯವಿದ್ದಂತಿದೆಯಲ್ಲ?"

"ಅದು ನಮ್ಮ ಅತ್ತೆಯ ಸೂರ್ಯ ಸರ್" ಎಂದೆ.

ನಡೆದದ್ದನ್ನೆಲ್ಲ ಹೇಳಿದೆ. ಪರೀಕ್ಷಕರು ನಂಬಿದರೋ ಇಲ್ಲವೋ, "ನಾಳೆ ಬೆಳಿಗ್ಗೆ ಅದೇ ತರಗತಿಗೆ ಇನ್ನೊಂದು ಪಾಠ ಮಾಡಿ, ನಾನೇ ಬಂದು ಕೂರುತ್ತೇನೆ" ಎಂದರು. ಅದು ಕೊನೆಯ ಅವಕಾಶ ಎಂದು ಮೇಡಂ ಬಾಗಿಲ ತನಕ ಬಂದು ಹೇಳಿದರು.

ಮನೆಗೆ ಬಂದವಳೇ ಕೂಗಾಡಿದೆ. "ನನ್ನ ವರ್ಷ ಹಾಳಾಗ್ತಿತ್ತಲ್ರಿ ಅತ್ತಿ! ಮಳ್ಯಾಗ ಯಾರರೆ ಸೂರ್ಯ ಬರೀತಾರೇನ್ರಿ?"

ಅತ್ತೆ ಮೆಲ್ಲಗೆ ಹೇಳಿದರು: "ಬರೇ ಮಳೀನ ಬಿಟ್ರ ಕೂಸುಗಳು ಎಷ್ಟೊತ್ತು ತೊಯ್ಸಿಕೋತ ನಿಂದರಬೇಕವಾ? ಆ ಹುಡುಗಿ ಒಂದ ಚಪ್ಪಲ್ಯಾಗ ಮನಿಗೆ ಹ್ಯಾಂಗ ಹೋಗಬೇಕು?"

ನಾನು ಓದಿದ್ದ ಮಕ್ಕಳ ಮನಶ್ಶಾಸ್ತ್ರದಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ.

ಮರುದಿನ ನಾನು ಹೊರಡುವಷ್ಟರಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ತಯಾರಾಗಿದ್ದರು. "ತಪ್ಪು ನಂದು. ಆ ಸಾಹೇಬ್ರಿಗೆ ನಾನ ಹೇಳ್ತೀನಿ" ಎಂದರು. ಬೇಡವೆಂದರೆ ಕೇಳುವ ಜೀವವೇ ಅದು? ಶಾಲೆಗೆ ಬಂದು ಪರೀಕ್ಷಕರ ಮುಂದೆ ಕೈಮುಗಿದು ತಮ್ಮ ಮುರುಕು ಮರಾಠಿಯಲ್ಲಿ "ಮೀ ಕೇಲಾ ಸಾಹೇಬ, ತೀ ನಾಹಿ" ಎಂದರು. ನಾನು ಮಾಡಿದ್ದು, ಅವಳಲ್ಲ. ಪರೀಕ್ಷಕರು ನಕ್ಕು, ಕೊನೆಯ ಬೆಂಚು ತೋರಿಸಿ, ಮಕ್ಕಳಿಗೆ ಕೊಟ್ಟಂಥದೇ ಒಂದು ಹಾಳೆಯನ್ನು ಅವರ ಮುಂದೂ ಇಟ್ಟರು.

'ನನಗೆ ಇಷ್ಟವಾದ ಜಾಗ' ಎಂದು ವಿಷಯ ಹೇಳಿದೆ. ಮಕ್ಕಳು ತಲೆ ಬಗ್ಗಿಸಿದರು. ನಾನು ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾ ಕೊನೆಯ ಬೆಂಚಿಗೆ ಬಂದೆ. ಅತ್ತೆಯ ಹಾಳೆ ಖಾಲಿಯಿತ್ತು. ಊರೆಲ್ಲ ತಿದ್ದಿದ ಆ ಕೈ ಬಣ್ಣದ ಕಡ್ಡಿ ಹಿಡಿದು ಹಾಳೆಯ ಅಂಚಿನಲ್ಲೇ ನಿಂತಿತ್ತು. ಎಲ್ಲರ ಗೆರೆಯ ಮೇಲೆ ಗೆರೆ ಎಳೆದವರು. ಅವರಿಗೆಂದು ಯಾರೂ ಖಾಲಿ ಹಾಳೆ ಕೊಟ್ಟೇ ಇರಲಿಲ್ಲ.

"ನೀನ ಬರದುಕೊಡು" ಎಂದು ಕಡ್ಡಿ ನನ್ನ ಕಡೆ ಚಾಚಿದರು.

ಪರೀಕ್ಷಕರು ನೋಡುತ್ತಿದ್ದರು. ಕೈ ಮುಂದೆ ಬಾರದಂತೆ ಉಗುರು ಅಂಗೈಗೆ ಒತ್ತಿಕೊಂಡೆ. "ನಿಮಗ ಬಂದಂಗ ಬರೀರಿ ಅತ್ತಿ."

"ತಪ್ಪಾದ್ರ?"

"ತಪ್ಪಾಗ್ಲಿ ಬಿಡ್ರಿ."

ನಾನು ಮುಂದೆ ನಡೆದೆ. ಗಂಟೆ ಹೊಡೆದ ಮೇಲೆ ತಿರುಗಿ ಬಂದರೆ ಅತ್ತೆ ಒಂದು ಬಾಗಿಲು ಬರೆದಿದ್ದರು, ನಮ್ಮ ಮನೆಯದೇ. ಹೊಸ್ತಿಲ ಮುಂದೆ ರಂಗೋಲಿ, ಪಕ್ಕದಲ್ಲಿ ಸೀರೆಯುಟ್ಟ ಒಬ್ಬ ಹೆಂಗಸು. ಅವಳಿಗೆ ಕೈಗಳೇ ಇಲ್ಲ. ಪರೀಕ್ಷಕರೂ ಬಗ್ಗಿ ನೋಡಿದರು.

"ಇಕಿ ಯಾರ್ರಿ?" ಎಂದೆ.

"ನೀನ."

"ಕೈ ಎಲ್ಲವ?"

"ಹಿಂದ ಅದಾವಲ್ಲ!" ಎಂದರು ಅತ್ತೆ, ಇಷ್ಟೂ ತಿಳಿಯದೇನು ಎನ್ನುವಂತೆ.

ಪಾಸಾದೆ. ಹಡಪಸರದ ಶಾಲೆಯಲ್ಲಿ ಈಗಲೂ ಕಲಿಸುತ್ತೇನೆ. ಐದು ಕಾಲಿನ ಆನೆಗಳು ನನ್ನ ತರಗತಿಯಲ್ಲಿ ನಿರ್ಭಯವಾಗಿ ಓಡಾಡಿಕೊಂಡಿವೆ. ಅತ್ತೆ ಮಾತ್ರ ಚಪಾತಿ ತಿದ್ದುವುದನ್ನು ಬಿಡಲಿಲ್ಲ. ಅಷ್ಟೆಲ್ಲ ಬದಲಾಗಿಬಿಟ್ಟರೆ ನನಗೇ ಹೆದರಿಕೆಯಾಗುತ್ತಿತ್ತು.

ಇವತ್ತು ಬೆಳಿಗ್ಗೆ, ಆ ಮೇಣದ ವಾಸನೆಯಲ್ಲಿ ನಿಂತು ನೋಡಿದೆ. ಈಚೆಗೆ ಅವರ ಬೆರಳಿನ ಹಿಡಿತ ತಪ್ಪಿದೆ. ರಂಗೋಲಿಯ ಬಳ್ಳಿ ದಾರಿ ತಪ್ಪಿ, ಎಲೆಗಳು ಒಂದರ ಮೇಲೊಂದು ಬಿದ್ದಿದ್ದವು.

"ಹ್ಯಾಂಗ ಅದ?" ಎಂದರು ತಲೆ ಎತ್ತದೆ.

"ಛಲೋ ಅದ್ರಿ."

"ಸುಳ್ಳ ಹೇಳಬ್ಯಾಡ. ಹಾವು ಆಗ್ಯದ."

"ಹಾವು ಆಗ್ಯದ್ರಿ, ಖರೇ. ಛಲೋನೂ ಅದ."

ಅತ್ತೆ ಕಿಸಕ್ಕನೆ ನಕ್ಕರು. ಆಮೇಲೆ ಹೊಸ್ತಿಲಿಗೆ ಕೈಯೂರಿ ಏಳಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು. ನಾನು ಕೈ ಹಿಂದೆ ಕಟ್ಟಿಕೊಂಡು ಹಾಗೇ ನಿಂತಿದ್ದೆ, ಮರದ ಗೊಂಬೆಯಂತೆ.

"ಪರೀಕ್ಷಾ ಮುಗದು ಎಷ್ಟ ವರ್ಷ ಆತು! ಇನ್ನೂ ಹಂಗೇ ನಿಂತೀಯಲ್ಲ? ಮೊಣಕಾಲು ಹಿಡದಾವ, ಎಬ್ಬಸು ನನ್ನ."

ಎರಡೂ ಕೈ ಮುಂದೆ ತಂದು ಅವರನ್ನು ಹಿಡಿದು ಎಬ್ಬಿಸಿದೆ. ಇಷ್ಟು ಹಗುರಾಗಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಎದ್ದು ನಿಂತ ಮೇಲೂ ಅವರು ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ. ಇಬ್ಬರ ಅಂಗೈಗೂ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅತ್ತೆ ಅದನ್ನು ನೋಡಿ ಹೇಳಿದರು:

"ಈಗ ನಿನ್ನ ಚಿತ್ರ ಬರದ್ರ ಕೈ ಬರೀತೀನಿ ನೋಡು."