ಎರಡು ಮೊನೆಯ ಮುಳ್ಳು

ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಇನ್ನೂ ಏಳುತ್ತಿದ್ದ ಕಾಲ. ಯಲಹಂಕದ ಹತ್ತಿರದ ಪ್ರಯೋಗಾಲಯವೊಂದರಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕ ನನ್ನ ಸುಪರ್ದಿನಲ್ಲಿತ್ತು. ಹೆಸರು ದೊಡ್ಡದು, ಕೆಲಸ ಸರಳ: ಕಣ್ಣಿಗೆ ಕಾಣದಷ್ಟು ಚೂಪಾದ ಮೊನೆಯೊಂದು ಬ್ಯಾಕ್ಟೀರಿಯಾದ ಮೈ ಸವರುತ್ತ ಹೋಗುತ್ತದೆ, ಆ ಏರಿಳಿತ ಪರದೆಯ ಮೇಲೆ ಚಿತ್ರವಾಗುತ್ತದೆ. ಮೊನೆಯನ್ನು ನಾವು ಮುಳ್ಳು ಎನ್ನುತ್ತಿದ್ದೆವು. ಚಿಮಟದಲ್ಲಿ ಹಿಡಿದು ಅದನ್ನು ಮುರಿಯದೆ ಕೂರಿಸುವುದು ನನ್ನೊಬ್ಬನಿಗೇ ಬರುತ್ತಿತ್ತು. ನನ್ನದು ಕೈಗುಣ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ನಂಬಿಬಿಟ್ಟಿದ್ದೆ. ಹೊಸ ಮುಳ್ಳು ದೊಡ್ಡವರ ಸ್ಯಾಂಪಲ್ಲಿಗೆ, ವಿದ್ಯಾರ್ಥಿಗಳಿಗೆ ಹಳೆಯದೇ ಸಾಕು ಎಂಬುದು ನಾನೇ ಮಾಡಿಕೊಂಡಿದ್ದ ನಿಯಮ.

ಬಾಗಲಗುಂಟೆಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ ಒಬ್ಬ ಹುಡುಗಿಯ ಪಿಎಚ್.ಡಿ. ಪೂರ್ತಿ ಈ ಚಿತ್ರಗಳ ಮೇಲೇ ನಿಂತಿತ್ತು. ಔಷಧ ತಾಗಿದ ಬ್ಯಾಕ್ಟೀರಿಯಾದ ಹೊದಿಕೆ ಹೇಗೆ ಹರಿದುಹೋಗುತ್ತದೆ ಎಂದು ಅವಳು ತೋರಿಸಬೇಕಿತ್ತು. ಆದರೆ ಅವಳ ಚಿತ್ರಗಳಲ್ಲಿ ಪ್ರತಿ ಜೀವಕೋಶದ ಬಲಮಗ್ಗುಲಿಗೂ ಅದೇ ಆಕಾರದ ಮಸುಕು ಜೋಡಿಯೊಂದು ಅಂಟಿಕೊಂಡಿರುತ್ತಿತ್ತು. ಮೇಲ್ಸೇತುವೆಯ ಕೆಲಸದಿಂದ ನೆಲ ಅದುರುತ್ತದೆಂದು ಮೊದಲು ಅದನ್ನು ಬೈದೆ, ಆಮೇಲೆ ಅವಳನ್ನು.

"ಸಾರ್, ಮುಳ್ಳು ಒಂದ್ಸಲ ಬದಲಾಯಿಸಿ ನೋಡೋಣ್ವಾ?" ಎಂದಳು.

"ಮುಳ್ಳಿಗೇನಾಗಿದೆ? ಬೆಳಗ್ಗೆ ನಾನೇ ಕೂರ್ಸಿದ್ದು ಕಣಮ್ಮಾ. ನೀನು ಸ್ಯಾಂಪಲ್ ನೆಟ್ಟಗೆ ತೊಳೆದಿಲ್ಲ. ಇದಕ್ಕೆಲ್ಲ ಕೈಗುಣ ಇರ್ಬೇಕು."

ಎಲ್ಲರೆದುರಿಗೇ ಹೇಳಿದೆ. ಕೆಲವರು ನಕ್ಕರು, ನಾನೂ ನಕ್ಕೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ವಾರ ಮತ್ತೆ ಬಂದು ಕೇಳಿದಳು. ಕೇಳಿಸದವನಂತೆ ಕೂತೆ. ಆಮೇಲೆ ಕೇಳಲಿಲ್ಲ, ಎರಡು ತಿಂಗಳು ತೊಳೆದಳು, ಒಣಗಿಸಿದಳು, ಮತ್ತೆ ತಂದಳು. ಅವಳ ಗೈಡ್ ವಿಚಾರಿಸಿದಾಗಲೂ ತಪ್ಪು ಅವಳದೇ ಎಂದೆ. ಅವರು ನನ್ನ ಮಾತನ್ನೇ ನಂಬಿದರು. ಒಂದು ಸೋಮವಾರದಿಂದ ಅವಳು ಬರಲಿಲ್ಲ, ಪಿಎಚ್.ಡಿ. ಬಿಟ್ಟಳಂತೆ.

ಕೆಲವು ದಿನಗಳ ಮೇಲೆ ಅದೇ ಮುಳ್ಳಿನಡಿ ಇನ್ನೊಬ್ಬ ವಿದ್ಯಾರ್ಥಿಯ ಸ್ಯಾಂಪಲ್ ಇಟ್ಟಿದ್ದೆ. ಅಲ್ಲೂ ಅದೇ ಮಸುಕು ಜೋಡಿ ಕಂಡಿತು. ಯಾಕೋ ಅದನ್ನು ಅಡ್ಡಕ್ಕೆ ತಿರುಗಿಸಿದೆ. ಜೀವಕೋಶಗಳು ತಿರುಗಿದವು, ಮಸುಕು ಜೋಡಿ ಮಾತ್ರ ಬಲಕ್ಕೇ ಉಳಿಯಿತು. ಸ್ಯಾಂಪಲ್ಲಿನದಾಗಿದ್ದರೆ ಅದೂ ತಿರುಗಬೇಕಿತ್ತು. ಮುಳ್ಳಿನ ತುದಿ ಮುರಿದು ಎರಡಾಗಿತ್ತು, ಒಂದೊಂದು ಕೋಶವನ್ನೂ ಎರಡೆರಡು ಸಲ ಮುಟ್ಟುತ್ತಿತ್ತು. ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಪರೀಕ್ಷೆ ಅದು, ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ.

ಆ ಭಾನುವಾರವೇ ಬಾಗಲಗುಂಟೆಗೆ ಹೋದೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ.

"ಗೊತ್ತಿತ್ತು ಸಾರ್. ಒಂದಿನ ನೀವು ಊಟಕ್ಕೆ ಹೋದಾಗ ನಾನೇ ತಿರುಗ್ಸಿ ನೋಡಿದ್ದೆ."

"ಮತ್ಯಾಕಮ್ಮಾ ಹೇಳ್ಲಿಲ್ಲ?"

"ಎರಡನೇ ಸಲ ಕೇಳೋಕೆ ಬಂದಿದ್ನಲ್ಲ, ಅವತ್ತು ಆ ಚಿತ್ರದ ಪ್ರಿಂಟ್ ಕೈಯಲ್ಲೇ ಇತ್ತು. ನೀವು ಮುಖ ಎತ್ಲಿಲ್ಲ ಸಾರ್."