ಕೊರ್ಡೋಬಾದಲ್ಲಿ ಮಧ್ಯಾಹ್ನದ ಊಟ

ಬಹ್ರೈನಿನ ಹೂರಾ ಪೇಟೆಯ ಟ್ರಾವೆಲ್ ಆಫೀಸಿನ ಸರ್ವೋತ್ತಮರು ಆ ದೇಶ ಬಿಟ್ಟು ಹೋದದ್ದೆಂದರೆ ಊರಿಗೆ ಮಾತ್ರ. ಆದರೂ ಸ್ಪೇನಿನ ಬೀಚಿಗೆ ಟಿಕೆಟು ಕೇಳಿ ಬಂದವರನ್ನು ಅವರು ಸುಮ್ಮನೆ ಮರಳಿನಲ್ಲಿ ಬಿದ್ದುಕೊಳ್ಳಲು ಬಿಡುವವರಲ್ಲ. “ಸಮುದ್ರ ಇಲ್ಲಿಯೂ ಉಂಟಲ್ಲ ಮಾರಾಯ್ರೆ, ಅಷ್ಟು ದೂರ ಹೋಗಿ ಉಪ್ಪುನೀರು ನೋಡುವುದಾ?” ಎಂದು ಗದರಿ, ಫ್ಯಾಕ್ಸಿನಲ್ಲಿ ಬಂದ ಮಸುಕು ನಕ್ಷೆ ಬಿಡಿಸಿ, ಮಲಾಗಾದ ಹೋಟೆಲಿನಿಂದ ದಿನಕ್ಕೊಂದು ಊರು ಗೊತ್ತುಮಾಡಿಬಿಡುತ್ತಾರೆ. ಅವರ ಪ್ರಕಾರ ಗ್ರಾನಡಾ ಎಂದರೆ ಉಡುಪಿಯಿಂದ ಕೊಲ್ಲೂರಿಗೆ ಹೋದ ಹಾಗೆ, ಕೊರ್ಡೋಬಾ ಎಂದರೆ ಧರ್ಮಸ್ಥಳಕ್ಕೆ ಹೋದ ಹಾಗೆ. ಅರಮನೆ ಬೆಳಿಗ್ಗೆ, ಮ್ಯೂಸಿಯಂ ಸಂಜೆ. ಕೊರ್ಡೋಬಾದ ದೊಡ್ಡ ಇಗರ್ಜಿ ಮಾತ್ರ ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ. “ಅಷ್ಟು ದೊಡ್ಡ ಕ್ಷೇತ್ರ, ಬಂದವರಿಗೆ ಊಟ ಹಾಕದೆ ಕಳಿಸ್ತಾರಾ?” ಹೋಗಿಬಂದ ನರ್ಸ್ ಕ್ಲಾರಾ ಮುಖ ಊದಿಸಿಕೊಂಡು, “ಮಕ್ಕಳು ಹಸಿದು ಅತ್ತವು. ಇಗರ್ಜಿಯಲ್ಲಿ ಯಾರು ಊಟ ಹಾಕ್ತಾರೆ ಸರ್ವೋತ್ತಮಣ್ಣ?” ಎಂದು ಜಗಳಕ್ಕೆ ಬಂದರೆ, “ನೀವು ಹಿಂದಿನ ಬಾಗಿಲಿಗೆ ಹೋಗಬೇಕಿತ್ತು, ಊಟದ ಹಾಲ್ ಯಾವಾಗಲೂ ಹಿಂದೆ” ಎಂದು ಅವರಿಗೇ ಬುದ್ಧಿ ಹೇಳುತ್ತಾರೆ, ಮುಂದೆ ಹೊರಟವರಿಗೆ ಆ ಬಾಗಿಲನ್ನೂ, ಚಪ್ಪಲಿ ಬಿಡುವ ಜಾಗವನ್ನೂ ವಿವರಿಸುತ್ತಾರೆ. ಮಧ್ಯಾಹ್ನ ಆಫೀಸು ಮುಚ್ಚಿದ ಮೇಲೆ, ಫ್ಯಾಮಿಲಿ ವೀಸಾ ಇನ್ನೂ ಸಿಗದ ಸರ್ವೋತ್ತಮರು ಸ್ಪೇನಿನ ಪೋಸ್ಟರಿನ ಎದುರು ಒಬ್ಬರೇ ಕುಳಿತು, ತಣ್ಣಗಾದ ಕುಬ್ಬೂಸ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಆ ಹೊತ್ತಿಗೆ ಕೊರ್ಡೋಬಾದಲ್ಲಿ ಅವರು ಕಳಿಸಿದವರೆಲ್ಲ ಬಾಳೆಎಲೆಯ ಮುಂದೆ ಸಾಲಾಗಿ ಕುಳಿತಿರುತ್ತಾರೆ; ಸಾಕು ಸಾಕೆಂದು ಕೈ ಅಡ್ಡ ಹಿಡಿದರೂ ಕೇಳದೆ, ಯಾರೋ ಇನ್ನೊಂದು ಸೌಟು ಅನ್ನ ಬಡಿಸುತ್ತಿರುತ್ತಾರೆ.